ಬಿಳಿ ಹೂವಿನ ವಯಲೆಟ್ ನೆಟ್ಟರೆ ವರ್ಷ ವರ್ಷವೂ ನೆಲ ಮುಚ್ಚಿಕೊಂಡು ಇರುತ್ತಾ?

ಇರುತ್ತದೆ, ಆದರೆ ಜಾತಿ ನೋಡಿ ತರಬೇಕು. ವಯಲೆಟ್‌ನದೇ ಬಳಗದ ಪ್ಯಾನ್ಸಿ ಸಾಮಾನ್ಯವಾಗಿ ಒಂದೇ ಸೀಸನ್ನಿಗೆ ಮುಗೀತು. ನಿಮಗೆ ಬೇಕಾದದ್ದು ವಯೋಲಾ ಸೊರೋರಿಯಾ ಅನ್ನೋ ವಯಲೆಟ್ ಜಾತಿಯ ಬಿಳಿ ತಳಿ, 'ಆಲ್ಬಿಫ್ಲೋರಾ'. ಎತ್ತರ 15-20 ಸೆಂ.ಮೀ. ಅಷ್ಟೆ, ಮಣ್ಣೊಳಗಿನ ದಪ್ಪ ಕಾಂಡದಿಂದ ಪ್ರತಿ ವರ್ಷ ಮತ್ತೆ ಚಿಗುರುತ್ತದೆ. ಅರೆನೆರಳು, ತೇವದ ಮಣ್ಣು, ಒಂದಿಷ್ಟು ಎಲೆಗೊಬ್ಬರ ಇದ್ದರೆ ಸಾಕು. 20 ಸೆಂ.ಮೀ. ಬಿಟ್ಟು ಬಿಟ್ಟು ನೆಡಿ.

ತಮಾಷೆ ಏನಂದ್ರೆ, ವಸಂತದ ಬಿಳಿ ಹೂಗಳು ಮುಗಿದ ಮೇಲೆ ಬೇಸಿಗೆಯಲ್ಲಿ ಎಲೆಗಳ ಕೆಳಗೆ ಅರಳದೇ ಉಳಿಯುವ ಮೊಗ್ಗುಗಳು ಬರುತ್ತವೆ, ಅವು ಒಳಗೊಳಗೇ ಪರಾಗಸ್ಪರ್ಶ ಮುಗಿಸಿ ಕಾಯಿ ಕಟ್ಟುತ್ತವೆ, ಕಾಯಿ ಒಡೆದು ಬೀಜ ಚಿಮ್ಮುತ್ತದೆ, ಬಿದ್ದದ್ದನ್ನು ಇರುವೆಗಳೂ ಹೊತ್ತೊಯ್ಯುತ್ತವೆ. ಹಾಗಾಗಿ ಹುಲ್ಲುಹಾಸಿನ ಪಕ್ಕ ಮಾತ್ರ ನೆಡಬೇಡಿ, ಆಮೇಲೆ ಕೀಳೋದೇ ಕೆಲಸ ಆಗುತ್ತದೆ.