ಸಂಬಳ ವಾಪಸ್ ಕೇಳಿದರೆ: ಪಾಸ್‌ಬುಕ್ಕೇ ಮೊದಲ ಸಾಕ್ಷಿ

ಮಠದ ಶಾಲೆ, ರಾಜ್ಯ ಪಠ್ಯಕ್ರಮ, ಅನುದಾನ ಇಲ್ಲ. ಖಾತೆಗೆ ಪೂರ್ತಿ ಸಂಬಳ ಹಾಕಿ, ಅರ್ಧ ನಗದಾಗಿ ವಾಪಸ್ ಕೇಳುತ್ತಾರೆ, ದೂರು ಕೊಟ್ಟರೆ ಕೆಲಸ ಹೋಗುತ್ತಾ ಅಂತ ಕೇಳಿದ್ದೀರಿ.

ಹೆದರಿಕೆ ಸಹಜ ಮೇಡಂ. ಆದರೆ ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಸೆಕ್ಷನ್ ಪ್ರಕಾರ, ವಿಚಾರಣೆ ನಡೆಸದೆ ಶಿಕ್ಷಕರನ್ನು ವಜಾ ಮಾಡುವಂತಿಲ್ಲ. ಮಾಡಿದರೆ, ಆದೇಶ ಕೈಸೇರಿದ 3 ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆ ಗಡುವು ಮಾತ್ರ ತಪ್ಪಿಸಬೇಡಿ.

ಮೊದಲು ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ. ಸಂಬಳ ಬಿದ್ದ ಮರುದಿನವೇ ಪ್ರತಿ ತಿಂಗಳೂ ಒಂದೇ ಮೊತ್ತ ತೆಗೆದಿರುತ್ತೀರಿ, ಅಲ್ವಾ? ನಾಲ್ಕೈದು ಜನರ ಪಾಸ್‌ಬುಕ್ಕಿನಲ್ಲೂ ಅದೇ ಸಾಲು ಕಂಡರೆ ಸುಲಭಕ್ಕೆ ತಳ್ಳಿಹಾಕಲು ಆಗುವುದಿಲ್ಲ. ಹಣ ಕೇಳಿದ ವಾಟ್ಸಾಪ್ ಮೆಸೇಜ್ ಇದ್ದರೆ ಅಳಿಸಬೇಡಿ. ಆಫೀಸಿನ ಲೆಜರ್ ಹೊರಗೆ ತರಬೇಡಿ, ಕಳ್ಳತನದ ಆರೋಪ ನಿಮ್ಮ ತಲೆಗೇ ಕಟ್ಟುತ್ತಾರೆ.

ಎಲ್ಲರೂ ಸೇರಿ ಸಹಿ ಹಾಕಿ ಡಿಡಿಪಿಐಗೆ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ದೂರು ಕೊಡಿ, ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಒಂದು ಪ್ರತಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕಚೇರಿ ಬಿಡಬೇಡಿ. ಮಠದ ಬಗ್ಗೆ, ಸ್ವಾಮೀಜಿ ಬಗ್ಗೆ ಸುಮ್ನೆ ಏನೂ ಬರೆಯಬೇಡಿ. ದಿನಾಂಕ, ಮೊತ್ತ, ಹಣ ಈಸಿಕೊಂಡವರ ಹೆಸರು ಸಾಕು.

ನಿಮಗೆ ಲಿಖಿತ ನೇಮಕಾತಿ ಆದೇಶ ಕೊಟ್ಟಿದ್ದಾರಾ? ಅದನ್ನು ತಿಳಿಸಿ.