ತಂಗಿಯ ಮದುವೆ ಕಾರ್ಡ್: ಮೊದಲು ಪಟ್ಟಿ, ಆಮೇಲೆ ಡಿಸೈನ್

ತಂಗಿಯ ಮದುವೆ 2027ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲೇ ಅಂದಿದ್ದೀರಿ. ಕಾರ್ಡ್ ಎಷ್ಟು ಹಾಕಿಸಬೇಕು, ಎಲ್ಲಿ ಮಾಡಿಸಬೇಕು, ಎಲ್ಲರಿಗೂ ವಾಟ್ಸಾಪ್‌ನಲ್ಲಿ ಕಳಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ನನ್ನ ಮದುವೆಗೆ ಮುಂಚೆ ಅವೆನ್ಯೂ ರಸ್ತೆ ಪಕ್ಕದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿದ್ದೆ. ಆಮೇಲೆ ನಮ್ಮ ಮನೆಯ ಮದುವೆಗಳಲ್ಲೆಲ್ಲ ಕಾರ್ಡಿನ ಜವಾಬ್ದಾರಿ ನನಗೇ ಬಂತು.

ಅಂಗಡಿಗೆ ಹೋಗುವ ಮುಂಚೆ ಪಟ್ಟಿ ಮಾಡಿ. ಜನರನ್ನು ಎಣಿಸಬೇಡಿ, ಮನೆಗಳನ್ನು ಎಣಿಸಿ. ಊಟಕ್ಕೆ 800 ಜನ ಅಂದರೆ 800 ಕಾರ್ಡ್ ಬೇಕಾಗುವುದಿಲ್ಲ. ಆದರೆ ಒಂದೇ ಕಟ್ಟಡದಲ್ಲಿದ್ದು ಅಡುಗೆ ಬೇರೆ ಮಾಡಿಕೊಂಡಿರುವ ಅಣ್ಣತಮ್ಮಂದಿರಿಗೆ ಕೆಳಗಿನ ಮನೆಗೊಂದು, ಮೇಲಿನ ಮನೆಗೊಂದು ಕೊಡಲೇಬೇಕು. ಹೆಸರುಗಳು ನೆನಪಾಗದಿದ್ದರೆ ಮನೆಯಲ್ಲಿ ಈ ಹಿಂದೆ ನಡೆದ ಮದುವೆಯ ಮುಯ್ಯಿ ಪುಸ್ತಕ ತೆಗೆಯಿರಿ. ಯಾರು ಬಂದಿದ್ದರು, ಯಾರ ಋಣ ಇದೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ಅಮ್ಮನನ್ನೂ ಸೋದರಮಾವನನ್ನೂ ಒಂದು ಸಂಜೆ ಕೂರಿಸಿಕೊಂಡು ಓದಿ. ಬಿಟ್ಟುಹೋದ ಮನೆಗಳು ಅವರ ಬಾಯಿಂದ ತಾನಾಗಿ ಬರುತ್ತವೆ.

ಪಟ್ಟಿ ಮುಗಿದ ಮೇಲೆ ಸುಮಾರು ಐವತ್ತು ಕಾರ್ಡ್ ಸೇರಿಸಿ ಆರ್ಡರ್ ಕೊಡಿ. ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಮುದ್ರಣದಲ್ಲಿ 300 ಹಾಕಿಸಿದರೂ 500 ಹಾಕಿಸಿದರೂ ಪ್ಲೇಟಿನ ಖರ್ಚು ಒಂದೇ. ಜಾಸ್ತಿ ಕಾರ್ಡಿಗೆ ಬೀಳುವುದು ಮುಖ್ಯವಾಗಿ ಕಾಗದದ ದುಡ್ಡು. ಆಮೇಲೆ ಸಾಲಲಿಲ್ಲ ಅಂತ ಐವತ್ತು ಮಾತ್ರ ಹಾಕಿಸಲು ಹೋದರೆ ಮೊದಲಿನಿಂದ ಎಲ್ಲ ಖರ್ಚೂ ಬರುತ್ತದೆ.

ಅಂಗಡಿಗಳಿಗೆ ಸುಲ್ತಾನ್‌ಪೇಟೆ, ಚಿಕ್ಕಪೇಟೆ ಕಡೆ ಹೋಗಿ. ಕಾರಿನಲ್ಲಿ ಹೋಗಿ ಪಾರ್ಕಿಂಗ್‌ಗೆ ಒದ್ದಾಡಬೇಡಿ, ಹಸಿರು ಮಾರ್ಗದ ಮೆಟ್ರೊ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು ನಡೆಯಿರಿ. ರೆಡಿಮೇಡ್ ಕಾರ್ಡ್ ತೆಗೆದುಕೊಂಡು ಒಳಗೆ ನಿಮ್ಮ ಮ್ಯಾಟರ್ ಹಾಕಿಸುವುದು ಬೇಗ ಆಗುತ್ತದೆ. ಫಾಯಿಲ್, ವೆಲ್ವೆಟ್, ಡಬ್ಬಿ ಕಾರ್ಡ್ ಎಲ್ಲ ತೋರಿಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಅಕ್ಷರ ದಪ್ಪಗೆ ಕಾಣುವ ಸಾದಾ ಕಾರ್ಡೇ ಒಳ್ಳೆಯದು. ಕೆಂಪು ಹಾಳೆಯ ಮೇಲೆ ಬಂಗಾರದ ಬಣ್ಣದ ಸಣ್ಣ ಅಕ್ಷರವನ್ನು ವಯಸ್ಸಾದವರು ಓದುವುದು ಕಷ್ಟ. ಮೊದಲು ಓದಬೇಕಾದವರೇ ಅವರು.

ಇನ್ನು ಮ್ಯಾಟರ್. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಸಾಲದು. ನೀವು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವುದು ಯೂನಿಕೋಡ್, ಅಂದರೆ ಈಗಿನ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ. ಎಷ್ಟೋ ಪ್ರೆಸ್ಸುಗಳಲ್ಲಿ ಈಗಲೂ ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕೆಲಸ ನಡೆಯುತ್ತದೆ. ಅದಕ್ಕೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು, ದೀರ್ಘ ಕೈಕೊಡುತ್ತವೆ. ಲಕ್ಷ್ಮೀ, ಜ್ಞಾನೇಶ್, ಕೀರ್ತಿ ಥರದ ಹೆಸರುಗಳನ್ನು ಒಂದೊಂದಾಗಿ ನೋಡಿ. ಪ್ರೂಫನ್ನು, ಅಂದರೆ ಮುದ್ರಣಕ್ಕೆ ಮುಂಚೆ ತಿದ್ದಲು ಕೊಡುವ ಪ್ರತಿಯನ್ನು, ಫೋನಿನಲ್ಲಿ ನೋಡಿ ಓಕೆ ಅನ್ನಬೇಡಿ. ಕಾಗದದ ಮೇಲೆ ತೆಗೆಸಿ, ಗಂಡಿನ ಮನೆಯವರಿಗೂ ಒಂದು ಪ್ರತಿ ಕೊಟ್ಟು, ಇಬ್ಬರ ಸಹಿ ಬಂದ ಮೇಲೆ ಮುದ್ರಣಕ್ಕೆ ಬಿಡಿ.

ನಿಮ್ಮ ವಿಷಯದಲ್ಲಿ ಇನ್ನೊಂದು ಇದೆ. 2027ರ ಯುಗಾದಿ ಏಪ್ರಿಲ್ 7ಕ್ಕೆ. ಅಲ್ಲಿಯವರೆಗೆ ಪರಾಭವ ಸಂವತ್ಸರ, ಆಮೇಲೆ ಪ್ಲವಂಗ. ನೀವು ಕಾರ್ಡ್ ಹಾಕಿಸುವುದು ಯುಗಾದಿಗೆ ಮುಂಚೆ, ಮದುವೆ ಯುಗಾದಿ ಆದ ಮೇಲೆ. ಆಪರೇಟರ್ ಹಳೆಯ ಫೈಲಿನ ಮೇಲೇ ಹೊಸ ಹೆಸರು ಕೂರಿಸುತ್ತಾರೆ, ಹಾಗಾಗಿ ಕಾರ್ಡಿನಲ್ಲಿ ಸಂವತ್ಸರದ ಹೆಸರು ಬರುವ ಜಾಗದಲ್ಲಿ ಪರಾಭವ ಹಾಗೇ ಉಳಿದುಬಿಡಬಹುದು. ಮುಹೂರ್ತ ಸೂರ್ಯೋದಯಕ್ಕೆ ಮುಂಚೆ ಇದ್ದರೆ ಇನ್ನೂ ಹುಷಾರು. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಕ್ಯಾಲೆಂಡರಿನ ವಾರ ಮಧ್ಯರಾತ್ರಿಗೆ. ಬರುವವರಿಗೆ ಗೊಂದಲ ಆಗದ ಹಾಗೆ ತಾರೀಖು, ವಾರ, ಗಂಟೆ ಮೂರನ್ನೂ ಪುರೋಹಿತರ ಹತ್ತಿರ ಕೇಳಿಯೇ ಬರೆಸಿ. ಆರತಕ್ಷತೆ ಹಿಂದಿನ ಸಂಜೆಯೇ ಇದ್ದರೆ ಅದರ ತಾರೀಖನ್ನೂ ಬೇರೆ ಸಾಲಿನಲ್ಲಿ ದಪ್ಪಗೆ ಹಾಕಿಸಿ.

ತಂಗಿ ಮತ್ತು ಮದುವೆ ಗಂಡಿನ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ಮದುವೆ ನೋಂದಣಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಲಗ್ನಪತ್ರಿಕೆ ಕೇಳುತ್ತಾರೆ. ನಾಲ್ಕಾರು ಕಾರ್ಡನ್ನು ಇದಕ್ಕೇ ಅಂತ ಎತ್ತಿಡಿ.

ಈಗ ಹಂಚುವ ವಿಚಾರ. ಪರ ಊರಿನವರಿಗೆ ಕಾರ್ಡ್ ಬರುವ ತನಕ ಕಾಯಬೇಡಿ, ತಾರೀಖು ಗಟ್ಟಿಯಾದ ದಿನವೇ ಫೋನ್ ಮಾಡಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಮೇ ತಿಂಗಳು ಮಕ್ಕಳಿಗೆ ರಜೆ ಬೇರೆ, ಬುಕಿಂಗ್ ತೆರೆದ ದಿನವೇ ಟಿಕೆಟ್ ಹಿಡಿಯಬೇಕಾಗುತ್ತದೆ. ವಿಳಾಸ ಬರೆಯುವಾಗ ಬಡಾವಣೆ, ಹಂತ, ಬ್ಲಾಕ್, ಪಿನ್‌ಕೋಡ್ ಪೂರ್ತಿ ಬರೆಯಿರಿ. ಬೆಂಗಳೂರಿನಲ್ಲಿ ‘8ನೇ ಕ್ರಾಸ್’ ಎಷ್ಟಿದೆಯೋ ಲೆಕ್ಕವಿಲ್ಲ.

ಕಾರ್ಡ್ ಬಂದ ಮೇಲೆ ಮೂಲೆಗಳಿಗೆ ಅರಿಶಿನ ಹಚ್ಚಿ, ಮೊದಲನೆಯದನ್ನು ಮನೆದೇವರಿಗೆ ಇಟ್ಟು, ಎರಡನೆಯದನ್ನು ಸೋದರಮಾವನ ಮನೆಗೆ ಕೊಡುವುದು ನಮ್ಮ ಕಡೆಯ ರೂಢಿ. ನಿಮ್ಮ ಮನೆಯ ಪದ್ಧತಿಯನ್ನು ಹಿರಿಯರ ಹತ್ತಿರ ಕೇಳಿಕೊಳ್ಳಿ. ಆಮೇಲೆ ದಿಕ್ಕಿಗೊಂದು ದಿನ ಇಟ್ಟುಕೊಳ್ಳಿ. ರಾಜಾಜಿನಗರ, ವಿಜಯನಗರ ಒಂದು ದಿನ. ಜಯನಗರ, ಜೆ.ಪಿ. ನಗರ ಇನ್ನೊಂದು ದಿನ. ವೈಟ್‌ಫೀಲ್ಡ್ ಕಡೆ ಭಾನುವಾರ ಬೆಳಿಗ್ಗೆಯೇ ಹೊರಡಿ.

ವಾಟ್ಸಾಪ್ ಸಹೋದ್ಯೋಗಿಗಳಿಗೆ, ಸ್ನೇಹಿತರಿಗೆ ಸಾಕು. ಆದರೆ ಚಿತ್ರ ಅಥವಾ ಪಿಡಿಎಫ್ ಆಗಿ ಕಳಿಸಿ, ಜೊತೆಗೆ ಎರಡು ಸಾಲು ನೀವೇ ಹೆಸರು ಹಿಡಿದು ಬರೆಯಿರಿ. ಮದುವೆ ಆಮಂತ್ರಣ ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಫೋನಿಗೆ ನುಗ್ಗಿ ದುಡ್ಡು ಹೊಡೆಯುವ ಮೋಸ ನಡೆಯುತ್ತಿದೆ. ಬರೀ ಫೈಲ್ ಬಂದರೆ ಜನ ತೆರೆಯಲು ಹೆದರುತ್ತಾರೆ. ಹೆದರುವುದೂ ಸರಿಯೇ.

ಆದರೆ ಹಿರಿಯರಿಗೆ ವಾಟ್ಸಾಪ್ ಸಾಕು ಅಂದುಕೊಳ್ಳಬೇಡಿ. ಮನೆಗೆ ಹೋಗಿ ಕರೆಯಿರಿ. ಅದರಲ್ಲೂ ಗಂಡನನ್ನು ಕಳೆದುಕೊಂಡ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಇದ್ದರೆ ಅವರ ಮನೆಯನ್ನು ಪಟ್ಟಿಯ ಮೇಲಕ್ಕೆ ತನ್ನಿ. ಎಷ್ಟೋ ಮನೆಗಳಲ್ಲಿ ಕಾರ್ಡನ್ನು ಮಗನ ಕೈಗೋ ಸೊಸೆಯ ಕೈಗೋ ಕೊಟ್ಟು, ಅವರಿಗೆ ‘ನೀವೂ ಬನ್ನಿ’ ಅಂತ ಬಾಗಿಲಲ್ಲಿ ನಿಂತು ಹೇಳಿ ಬರುತ್ತಾರೆ. ಇದು ನನಗೆ ಸಹಿಸಲು ಆಗುವುದಿಲ್ಲ. ತಂಗಿಯನ್ನು ಎತ್ತಿ ಆಡಿಸಿದವರು ಅವರು. ಕೂತು ಮಾತಾಡಿಸಿ, ಬೇರೆಯವರಿಗೆ ಕೊಟ್ಟ ಹಾಗೆಯೇ ಅರಿಶಿನ ಕುಂಕುಮ ಕೊಟ್ಟು, ಕಾರ್ಡನ್ನು ಅವರ ಕೈಗೇ ಕೊಡಿ. ಲಕೋಟೆಯ ಮೇಲೆ ಅವರ ಹೆಸರನ್ನೇ ಬರೆಯಿರಿ. ಛತ್ರಕ್ಕೆ ಕರೆತರಲು ಯಾವ ಕಾರು, ಎಷ್ಟು ಗಂಟೆಗೆ ಬರುತ್ತದೆ ಅನ್ನುವುದನ್ನೂ ಅಲ್ಲೇ ಹೇಳಿ ಬನ್ನಿ.