ಓದುಗರ ಪ್ರಶ್ನೆ: ‘ವನ್ಯಜೀವಿ ಇಲ್ಲ’ ಎನ್ನುವ ವರದಿಗೆ ಆಕ್ಷೇಪಣೆ ಹೇಗೆ?

ಪ್ರಶ್ನೆ: ನಮ್ಮೂರ ಹತ್ತಿರದ ಸಕ್ಕರೆ ಕಾರ್ಖಾನೆಯ ವಿಸ್ತರಣೆಗೆ ಮುಂದಿನ ತಿಂಗಳು ಪರಿಸರ ಆಲಿಕೆ ಸಭೆ ಇದೆ. ಯೋಜನೆಯ ಕರಡು ಪರಿಸರ ಪರಿಣಾಮ ವರದಿಯಲ್ಲಿ ‘ಬೀಳು ಭೂಮಿ, ಗಮನಾರ್ಹ ವನ್ಯಜೀವಿ ಇಲ್ಲ’ ಎಂದು ಬರೆದಿದ್ದಾರೆ. ಆ ಮಡ್ಡಿಯಲ್ಲಿ ತೋಳ, ಜಿಂಕೆಯಂಥ ಚಿಂಕಾರ ತಿರುಗುವುದನ್ನು ಊರವರೆಲ್ಲ ನೋಡಿದ್ದೇವೆ. ಏನಂತ ಬರೆದು ಕೊಡಬೇಕು?
– ಓದುಗರು, ಬೀಳಗಿ ತಾಲ್ಲೂಕು

ಉತ್ತರ: ‘ವಿಸ್ತರಣೆ ಬೇಡ’ ಎಂದಷ್ಟೇ ಬರೆದರೆ ಅದು ಒಂದು ಅಭಿಪ್ರಾಯವಾಗಿ ಕಡತ ಸೇರುತ್ತದೆ. ವರದಿಯ ಪುಟ ಹಿಡಿದು ಬರೆಯಿರಿ. ಆಲಿಕೆಯಲ್ಲಿ ಎದ್ದ ಮುಖ್ಯ ಪರಿಸರ ಆಕ್ಷೇಪಗಳಿಗೆ ಉತ್ತರಿಸಿ ಕರಡು ವರದಿಯನ್ನು ತಿದ್ದಬೇಕೆಂದು 2006ರ ಪರಿಸರ ಪರಿಣಾಮ ಅಧಿಸೂಚನೆ ಹೇಳುತ್ತದೆ.

ಮೊದಲು ಪೂರ್ತಿ ಕರಡು ಓದಿ. ಅದು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ಕನ್ನಡದಲ್ಲಿ ಸಾಮಾನ್ಯವಾಗಿ ಸಾರಾಂಶ ಮಾತ್ರ ಇರುತ್ತದೆ. ಪ್ರಾಣಿಪಕ್ಷಿಗಳ ಪಟ್ಟಿ, ಸಮೀಕ್ಷೆ ಮಾಡಿದ ರೀತಿ ಇಂಗ್ಲಿಷ್ ಪ್ರತಿಯ ಜೀವವೈವಿಧ್ಯದ ಭಾಗದಲ್ಲಿ ಇರುತ್ತವೆ. ಓದಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಪಟ್ಟಿಗಿಂತ ಮುಂಚೆ ಸಮೀಕ್ಷೆಯ ತಿಂಗಳು ನೋಡಿ. ನಮ್ಮ ಪ್ರಕಾರ ಅತಿ ಗಟ್ಟಿ ಆಕ್ಷೇಪಣೆ ಅಲ್ಲೇ ಇದೆ. ಇಂಥ ವರದಿಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕು ಎನ್ನುವ ರೂಢಿ ಇದೆ. ಆದರೆ ನೆಲದ ಮೇಲೆ ಗೂಡು ಮಾಡುವ ಎಷ್ಟೋ ಹಕ್ಕಿಗಳು, ಕಪ್ಪೆಗಳು ಸಂತಾನಕ್ಕೆ ನೆಚ್ಚಿಕೊಂಡಿರುವುದು ಮಳೆಗಾಲವನ್ನೇ. ತೋಳ ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ. ಮಾರ್ಚ್‌ನಿಂದ ಮೇವರೆಗೆ, ಅದೂ ನಡು ಹಗಲಲ್ಲಿ ಜೀಪಿನಲ್ಲಿ ಒಂದು ಸುತ್ತು ಹಾಕಿದವರಿಗೆ ಇವು ಯಾವುವೂ ಸಿಗುವುದಿಲ್ಲ. ಆದ್ದರಿಂದ ನೇರವಾಗಿ ಕೇಳಿ: ಯಾವ ದಿನಾಂಕ, ಯಾವ ಹೊತ್ತು, ಎಷ್ಟು ಕಿ.ಮೀ. ನಡೆದು ನೋಡಿದಿರಿ, ನಡೆದ ದಾರಿಯ ಜಿಪಿಎಸ್ ಗುರುತು ಎಲ್ಲಿ, ರಾತ್ರಿ ಕ್ಯಾಮೆರಾ ಇಟ್ಟಿದ್ದಿರಾ? ಇವು ವರದಿಯಲ್ಲಿ ಇಲ್ಲದಿದ್ದರೆ ‘ವನ್ಯಜೀವಿ ಇಲ್ಲ’ ಎಂಬ ಮಾತಿಗೆ ಆಧಾರವೇ ಇಲ್ಲ.

ಆಮೇಲೆ ಪಟ್ಟಿ. ಬಯಲುಸೀಮೆಗೆ ಸಂಬಂಧವಿಲ್ಲದ ಮಲೆನಾಡಿನ ಪ್ರಾಣಿಗಳ ಹೆಸರಿದ್ದರೆ ಅದು ಬೇರೆ ವರದಿಯಿಂದ ಎತ್ತಿದ್ದೆಂಬ ಗುಮಾನಿಗೆ ಕಾರಣವಿದೆ; ಆ ಪುಟವನ್ನು ಉಲ್ಲೇಖಿಸಿ. 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ನಿಮ್ಮ ಬೀಳಗಿ ಮತ್ತು ಮುಧೋಳ ಭಾಗದಲ್ಲೇ ಇದೆ. ಅಧ್ಯಯನ ಪ್ರದೇಶವೆಂದರೆ ಸಾಮಾನ್ಯವಾಗಿ ಯೋಜನಾ ಸ್ಥಳದ ಸುತ್ತ 10 ಕಿ.ಮೀ. ಆ ಸುತ್ತಳತೆಯೊಳಗೆ ಧಾಮ ಬಂದರೂ ಪಟ್ಟಿಯಲ್ಲಿ ಚಿಂಕಾರವಿಲ್ಲದಿದ್ದರೆ ಅದೊಂದೇ ಸಾಕು ಸಮೀಕ್ಷೆ ಮತ್ತೆ ನಡೆಯಲಿ ಎನ್ನಲು. ಚಿಂಕಾರ, ತೋಳ ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಅವು ಇವೆ ಎಂದಾದರೆ ಹಣದ ಲೆಕ್ಕ ಸಹಿತ ಸಂರಕ್ಷಣಾ ಯೋಜನೆ ಕೊಡಿ ಎಂದು ಒತ್ತಾಯಿಸಿ.

ಸಾಕ್ಷಿಗೆ ಕುರಿಗಾಹಿಗಳನ್ನು ಕೇಳಿ. ತೋಳ ಕುರಿ ಹಿಡಿದಾಗ ಪರಿಹಾರಕ್ಕೆ ಅರ್ಜಿ ಹಾಕಿದ್ದರೆ ಅದರ ಪಂಚನಾಮೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿರುತ್ತದೆ. ತಾರೀಖು, ಊರು ಎಲ್ಲ ಇರುವ ಸರ್ಕಾರಿ ದಾಖಲೆ ಅದು, ಅಲ್ಲಗಳೆಯುವುದು ಕಷ್ಟ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಪ್ರತಿ ಕೇಳಬಹುದು. ತೊಡಕು ಒಂದಿದೆ: ಉತ್ತರಕ್ಕೆ ಅವರಿಗೆ 30 ದಿನ, ಆಲಿಕೆಯ ನೋಟಿಸಿಗೂ ಕನಿಷ್ಠ 30 ದಿನ. ಪತ್ರಿಕೆಯಲ್ಲಿ ಪ್ರಕಟಣೆ ಕಂಡ ದಿನವೇ ಅರ್ಜಿ ಹಾಕದಿದ್ದರೆ ದಾಖಲೆ ಸಭೆ ಮುಗಿದ ಮೇಲೆ ಕೈಗೆ ಬರುತ್ತದೆ. ನೀವು ಇಂದೇ ಹಾಕಿ. ಕುರಿಗಾಹಿಗಳ ಬಳಿ ಅರ್ಜಿಯ ಪ್ರತಿ ಉಳಿದಿದ್ದರೆ ಅದನ್ನೂ ಲಗತ್ತಿಸಿ.

ಆಕ್ಷೇಪಣೆಯನ್ನು ಲಿಖಿತವಾಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಭೆಯಲ್ಲಿ ಪುಟ ಸಂಖ್ಯೆ, ಸರ್ವೆ ನಂಬರ್ ಹೇಳಿ ಮಾತಾಡಿ. ಎಲ್ಲ ವಿಡಿಯೊ ಆಗುತ್ತದೆ. ಮಾತು ಮುಗಿಯಿತೆಂದು ಎದ್ದು ಬರಬೇಡಿ. ಕೊನೆಗೆ ಸಭೆಯಲ್ಲಿ ಬಂದ ವಿಷಯಗಳನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ನಿಮ್ಮ ಮಾತು ಅದರಲ್ಲಿ ಸೇರದಿದ್ದರೆ ಅಲ್ಲೇ ನಿಂತು ಸೇರಿಸಿ.

ಪ್ರಶ್ನೆ: ನಗರದ ಕರಡು ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ನಮ್ಮ ಕೆರೆಯಂಚಿನ ಗಾಯರಾಣವನ್ನು (ಗೋಮಾಳ) ವಸತಿ ವಲಯ ಮಾಡಿದ್ದಾರೆ. ವನ್ಯಜೀವಿ ವರದಿಯೇ ಇಲ್ಲ. ಯಾರನ್ನು ಕೇಳಬೇಕು?
– ಓದುಗರು, ಬೆಳಗಾವಿ

ಉತ್ತರ: ಯೋಜನಾ ಪ್ರಾಧಿಕಾರವನ್ನು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆ ಪ್ರಕಟವಾದ ಮೇಲೆ 60 ದಿನಗಳೊಳಗೆ ಲಿಖಿತ ಅಭಿಪ್ರಾಯ ಕೊಡಬಹುದು. ಈ ಅವಕಾಶ ಬಿಡಬೇಡಿ. ಮುಂದೆ ಅಲ್ಲಿ ಬಡಾವಣೆ ಬಂದಾಗ, ಅದು 50 ಹೆಕ್ಟೇರಿಗಿಂತ ಚಿಕ್ಕದಿದ್ದು ಕಟ್ಟಡವೂ ದೊಡ್ಡದಲ್ಲದಿದ್ದರೆ ಪರಿಸರ ಅನುಮತಿಯ ಮಾತೇ ಬರುವುದಿಲ್ಲ. ದೊಡ್ಡದಾದರೂ ಸಾಮಾನ್ಯವಾಗಿ ಸಾರ್ವಜನಿಕ ಆಲಿಕೆ ಇರುವುದಿಲ್ಲ. ಸರ್ವೆ ನಂಬರ್ ಬರೆದು, ನಕ್ಷೆಯ ಪ್ರತಿಯಲ್ಲಿ ಕೆರೆಯ ನೀರು ತುಂಬಿದಾಗಿನ ಅಂಚು ಗುರುತಿಸಿ, ‘ವಸತಿ ತೆಗೆದು ಬಯಲು ಜಾಗವಾಗಿ ಉಳಿಸಿ’ ಎಂದು ನಿರ್ದಿಷ್ಟವಾಗಿ ಕೇಳಿ. ಬೇಸಿಗೆಯ ಅಂಚನ್ನು ಹಿಡಿದು ನಕ್ಷೆ ಮಾಡಿದರೆ ಹಕ್ಕಿಗಳು ಮೇಯುವ ಕೆಸರು ದಂಡೆಯೇ ನಿವೇಶನಕ್ಕೆ ಸೇರಿಬಿಡುತ್ತದೆ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ಫ್ಲೆಮಿಂಗೊ, ಪಟ್ಟೆತಲೆ ಹೆಬ್ಬಾತುಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿದ್ದೇವೆ. ಸಾಕ್ಷಿಯಾಗುತ್ತದೆಯೇ?
– ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಆಗುತ್ತದೆ, ಮೂಲ ಫೈಲ್ ಉಳಿಸಿಕೊಂಡಿದ್ದರೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿ, ಹಕ್ಕಿಯ ಜೊತೆ ದಂಡೆ, ಗುಡ್ಡ, ಸೇತುವೆ ಯಾವುದಾದರೂ ಗುರುತು ಬರುವಂತೆ ಇನ್ನೊಂದು ಫೋಟೊ ತೆಗೆಯಿರಿ. ಹೆಜ್ಜೆ, ಹಿಕ್ಕೆಯಾದರೆ ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಚಿಂಕಾರದ ಹಿಕ್ಕೆ, ಆಡಿನ ಹಿಕ್ಕೆ ಫೋಟೊದಲ್ಲಿ ಒಂದೇ ಥರ ಕಾಣುವುದರಿಂದ ಬರೀ ಹಿಕ್ಕೆಯ ಮೇಲೆ ವಾದ ಕಟ್ಟಬೇಡಿ. ಗೂಡು, ತೋಳದ ಗವಿ ಇರುವ ನಿಖರ ಜಾಗವನ್ನು ಮಾತ್ರ ಸಭೆಯಲ್ಲಿ ಹೇಳಬೇಡಿ, ಗ್ರೂಪ್‌ಗಳಲ್ಲೂ ಹಾಕಬೇಡಿ. ಅದನ್ನು ಪ್ರತ್ಯೇಕ ಪತ್ರದಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಕೊಟ್ಟು, ಆಕ್ಷೇಪಣೆಯಲ್ಲಿ ಆ ಪತ್ರದ ದಿನಾಂಕವನ್ನಷ್ಟೇ ನಮೂದಿಸಿ.